ಎಪಿಕ್ಯೂರಿಯನ್ ಅಂದರೆ ಯಾರು? ಊಟದ ರಸಿಕನೋ, ನಾಸ್ತಿಕನೋ, ಗಂಜಿ ಕುಡಿದು ಖುಷಿಪಟ್ಟವನೋ?

ಪ್ರಶ್ನೆ: ನಮ್ಮದು ಡೊಂಬಿವಲಿಯಲ್ಲಿ ಸಣ್ಣ ಕೇಟರಿಂಗ್ ವ್ಯವಹಾರ. ಮೂಲ ಉಡುಪಿ ಕಡೆಯವರು. ಮದುವೆ, ಮುಂಜಿ, ಸತ್ಯನಾರಾಯಣ ಪೂಜೆಗೆ ಊಟ ಮಾಡಿಕೊಡುತ್ತೇವೆ. ಈಗ ಥಾಣೆ ಕಡೆಯಿಂದ ಕಂಪನಿ ಪಾರ್ಟಿಗಳ ಆರ್ಡರೂ ಬರುತ್ತಿವೆ. ಅದಕ್ಕೆ ಬೇರೆ ಹೆಸರಿಡೋಣ ಅಂತ ಅಕ್ಕನ ಮಗ ‘ಎಪಿಕ್ಯೂರಿಯನ್ ಕೇಟರರ್ಸ್’ ಎಂದು ಬ್ಯಾನರ್ ಡಿಸೈನ್ ಮಾಡಿಸಿದ್ದಾನೆ. ಒಳ್ಳೆಯ ಊಟದ ರುಚಿ ಬಲ್ಲವರು ಅಂತ ಅರ್ಥವಂತೆ. ಮಗಳು ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ತೆಗೆದುಕೊಂಡಿದ್ದಾಳೆ. ‘ಎಪಿಕ್ಯೂರಸ್ ಬ್ರೆಡ್ಡು, ನೀರಿನಲ್ಲಿ ದಿನ ಕಳೆದವನು, ಅವನ ಹೆಸರು ಊಟದ ಬೋರ್ಡಿಗೆ ಯಾಕೆ?’ ಅಂತ ಅವಳ ತಕರಾರು. ಮನೆಯಲ್ಲಿದ್ದ ಇಂಗ್ಲಿಷ್–ಕನ್ನಡ ನಿಘಂಟು ತೆಗೆದರೆ ‘ಭೋಗವಾದಿ’ ಅಂತಿದೆ. ನಮ್ಮ ತಂದೆಯವರು, ‘ಓ, ಅಂದರೆ ಚಾರ್ವಾಕ, ಸಾಲ ಮಾಡಿ ತುಪ್ಪ ತಿನ್ನುವವನು’ ಅಂದರು. ಯಾವುದು ಸರಿ? ಈ ಹೆಸರು ಇಡಬಹುದಾ?

ಉತ್ತರ: ಇಡಬಹುದು. ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಆ ಹೆಸರಿನ ಹಿಂದೆ ಯಾರಿದ್ದಾರೆ ಅನ್ನುವುದು ನಿಮಗೆ ಗೊತ್ತಿರಬೇಕು. ಯಾಕೆಂದರೆ ಊಟದ ವಿಷಯದಲ್ಲಿ ಅವನಷ್ಟು ಆಳವಾಗಿ ಯೋಚಿಸಿದವರು ಕಡಿಮೆ. ಊಟದ ವಿಷಯದಲ್ಲಿ ಅವನಷ್ಟು ಕೆಟ್ಟ ಹೆಸರು ಹೊತ್ತವರೂ ಕಡಿಮೆ.

ನಿಮ್ಮ ಮನೆಯ ನಾಲ್ಕು ಉತ್ತರಗಳಲ್ಲಿ ಯಾವುದನ್ನೂ ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಅಕ್ಕನ ಮಗ ಇವತ್ತಿನ ಇಂಗ್ಲಿಷಿನ ಅರ್ಥ ಹೇಳಿದ. ಮಗಳು ಆ ಮನುಷ್ಯನ ಬದುಕನ್ನು ಹೇಳಿದಳು. ನಿಘಂಟು ಅವನ ವಿರೋಧಿಗಳು ಹೇಳಿದ್ದನ್ನು ಹೇಳಿತು. ನಿಮ್ಮ ತಂದೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಆದರೆ ಆ ಅರ್ಧ ತುಪ್ಪದ್ದಲ್ಲ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಎಪಿಕ್ಯೂರಸ್ ಒಬ್ಬ ಗ್ರೀಕ್ ತತ್ತ್ವಜ್ಞಾನಿ. ಹುಟ್ಟಿದ್ದು ಕ್ರಿ.ಪೂ. 341ರಲ್ಲಿ, ಸೇಮೋಸ್ ಎಂಬ ದ್ವೀಪದಲ್ಲಿ. ಅಪ್ಪ ಶಾಲಾ ಮಾಸ್ತರು. ಅಥೆನ್ಸಿನ ಜನವೇ, ಆದರೆ ಹೊಟ್ಟೆಪಾಡಿಗೆ ಹೊರಗೆ ಹೋಗಿ ನೆಲೆಸಿದವರು. ಅಲೆಕ್ಸಾಂಡರ್ ಸತ್ತ ಮೇಲೆ ಸೇಮೋಸಿನಲ್ಲಿದ್ದ ಅಥೆನ್ಸಿನವರನ್ನೆಲ್ಲ ಓಡಿಸಿದರು. ಆ ಕುಟುಂಬವೂ ಊರು ಬಿಟ್ಟಿತು. ಮುಂದೆ ಅವನು ಮಿಟಿಲೀನ್, ಲ್ಯಾಂಪ್ಸಾಕಸ್ ಎಂಬ ಊರುಗಳಲ್ಲಿ ಪಾಠ ಹೇಳಿದ. ಕ್ರಿ.ಪೂ. 306ರ ಸುಮಾರಿಗೆ ಅಥೆನ್ಸಿಗೆ ಬಂದು 80 ಮಿನಾ ಕೊಟ್ಟು ಒಂದು ತೋಟ ಕೊಂಡ. ಒಂದು ಮಿನಾ ಅಂದರೆ ನೂರು ಡ್ರಾಕ್ಮಾ. ಅವನ ಪಾಠಶಾಲೆಗೆ ‘ತೋಟ’ ಅಂತಲೇ ಹೆಸರು ಬಿತ್ತು. ಅಲ್ಲಿಗೆ ಹೆಂಗಸರು ಬರುತ್ತಿದ್ದರು, ಗುಲಾಮರೂ ಬರುತ್ತಿದ್ದರು. ಲಿಯಾಂಟಿಯಾನ್, ಥೆಮಿಸ್ಟಾ ಎಂಬ ಹೆಂಗಸರ ಹೆಸರು ಉಳಿದುಬಂದಿವೆ. ಮಿಸ್ ಎಂಬ ಗುಲಾಮ ಅವನ ಜೊತೆ ಕೂತು ತತ್ತ್ವ ಕಲಿತ. ಸಾಯುವಾಗ ಬರೆದ ಉಯಿಲಿನಲ್ಲಿ ಮಿಸ್‌ನನ್ನೂ ಇನ್ನು ಕೆಲವರನ್ನೂ ಬಿಡುಗಡೆ ಮಾಡಿದ. ಆ ಕಾಲದ ಅಥೆನ್ಸಿನಲ್ಲಿ ಇದು ಸಣ್ಣ ವಿಷಯವಲ್ಲ. ಅವನ ಮೇಲೆ ಕೆಟ್ಟ ಮಾತು ಹುಟ್ಟಿದ್ದಕ್ಕೆ ಇದೂ ಒಂದು ಕಾರಣ. ಗಂಡಸರು, ಹೆಂಗಸರು, ಆಳುಗಳು ಒಂದೇ ಗೋಡೆಯೊಳಗೆ ಕೂತು ‘ಸುಖವೇ ಗುರಿ’ ಅಂತ ಮಾತಾಡುತ್ತಾರೆ ಅಂದರೆ ಹೊರಗಿನವರು ಏನು ಊಹಿಸಿಕೊಂಡಿರಬಹುದು, ಹೇಳಬೇಕಾಗಿಲ್ಲ ಅಲ್ವಾ?

ಆ ತೋಟದಲ್ಲಿ ನಿಜಕ್ಕೂ ಏನು ಉಣ್ಣುತ್ತಿದ್ದರು?

ಇದಕ್ಕೆ ಒಳ್ಳೆಯ ಸಾಕ್ಷಿ ಸೆನೆಕಾ ಎಂಬ ರೋಮನ್ ತತ್ತ್ವಜ್ಞಾನಿ. ಅವನು ಎದುರು ಪಂಗಡದವನು, ಸ್ಟೋಯಿಕ್ ಎಂಬ ಪಂಥಕ್ಕೆ ಸೇರಿದವನು. ಆದರೂ ತನ್ನ ಪತ್ರಗಳಲ್ಲಿ ಎಪಿಕ್ಯೂರಸ್‌ನ ಮಾತನ್ನು ಮತ್ತೆ ಮತ್ತೆ ಎತ್ತಿ ಹೇಳುತ್ತಾನೆ. ತೋಟದ ಬಾಗಿಲಲ್ಲಿ ‘ಅತಿಥಿಯೇ, ಇಲ್ಲಿ ನಿನಗೆ ಹಿತವಾಗಿರುತ್ತದೆ, ಇಲ್ಲಿ ಸುಖವೇ ಪರಮ ಒಳಿತು’ ಎಂದು ಬರೆದಿದೆಯಂತೆ. ಅದನ್ನು ಓದಿ ಭಾರಿ ಭೋಜನದ ಆಸೆಯಲ್ಲಿ ಒಳಗೆ ಹೋದರೆ, ನೋಡಿಕೊಳ್ಳುವವನು ಪ್ರೀತಿಯಿಂದ ಬರಮಾಡಿಕೊಂಡು ಬಾರ್ಲಿ ಹಿಟ್ಟಿನ ಅಡುಗೆ ಮತ್ತು ಬೇಕಾದಷ್ಟು ನೀರು ಕೊಡುತ್ತಾನೆ. ಕೊಟ್ಟು, ‘ಉಪಚಾರ ಚೆನ್ನಾಗಿತ್ತಲ್ಲ? ಈ ತೋಟ ಹಸಿವನ್ನು ಕೆರಳಿಸುವುದಿಲ್ಲ, ತಣಿಸುತ್ತದೆ’ ಅನ್ನುತ್ತಾನೆ. ಎದುರಾಳಿಯೇ ಹೀಗೆ ಬರೆದಿದ್ದಾನೆ ಅಂದಮೇಲೆ ಆ ತೋಟ ಹೊಟ್ಟೆಬಾಕರ ಬಿಡಾರ ಆಗಿರಲಿಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಎಪಿಕ್ಯೂರಸ್ ಒಬ್ಬ ಗೆಳೆಯನಿಗೆ ಬರೆದ ಪತ್ರದ ಸಾಲೊಂದು ಉಳಿದಿದೆ. ‘ಒಂದು ಸಣ್ಣ ಕುಡಿಕೆ ಚೀಸ್ ಕಳಿಸು, ಮನಸ್ಸಾದಾಗ ಹಬ್ಬ ಮಾಡುತ್ತೇನೆ.’ ಅವನ ಮಟ್ಟಿಗೆ ಹಬ್ಬ ಅಂದರೆ ಅಷ್ಟೇ. ಆಗಾಗ ಕೆಲವು ದಿನ ಬೇಕೆಂತಲೇ ಅರೆಹೊಟ್ಟೆ ಉಂಡು, ಸುಖ ಎಷ್ಟು ಕಡಿಮೆಯಾಯಿತು, ಆಯಿತಾ ಇಲ್ಲವಾ ಅಂತ ಪರೀಕ್ಷೆ ಮಾಡುತ್ತಿದ್ದ ಎಂದೂ ಸೆನೆಕಾ ಹೇಳುತ್ತಾನೆ.

ಇನ್ನೊಂದು ಪ್ರಸಂಗ ನಿಮ್ಮಂಥ ಅಡುಗೆಯವರಿಗೆ ಹೇಳಲೇಬೇಕು. ಕ್ರಿ.ಪೂ. 295ರ ಸುಮಾರಿಗೆ ಡೆಮೆಟ್ರಿಯಸ್ ಎಂಬ ದೊರೆ ಅಥೆನ್ಸಿಗೆ ಮುತ್ತಿಗೆ ಹಾಕಿದ. ಊರಿಗೆ ಧಾನ್ಯ ಬರುವುದು ನಿಂತುಹೋಯಿತು. ಚಾವಣಿಯಿಂದ ಬಿದ್ದ ಸತ್ತ ಇಲಿಗಾಗಿ ಅಪ್ಪ–ಮಗ ಕಿತ್ತಾಡಿದರು ಅನ್ನುವಷ್ಟು ಬರ. ಆಗ ಎಪಿಕ್ಯೂರಸ್ ಕಾಳುಗಳನ್ನು ಲೆಕ್ಕ ಮಾಡಿ, ತನ್ನ ಜೊತೆಗಿದ್ದವರಿಗೆ ಎಣಿಸಿ ಎಣಿಸಿ ಹಂಚಿ, ಅವರನ್ನು ಬದುಕಿಸಿಕೊಂಡ. ಇದನ್ನು ಬರೆದವನು ಪ್ಲೂಟಾರ್ಕ್ ಎಂಬ ಗ್ರೀಕ್ ಲೇಖಕ. ಅವನು ಎಪಿಕ್ಯೂರಸ್‌ನ ವಿರುದ್ಧ ಪುಸ್ತಕಗಳನ್ನೇ ಬರೆದವನು. ಪಂಕ್ತಿಯಲ್ಲಿ ಕೊನೆಯ ಎಲೆಯವರೆಗೂ ಸಾಲುವ ಹಾಗೆ ಬಡಿಸುವುದು ಎಷ್ಟು ಕಷ್ಟ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿ ಕಾಳು ಕಡಿಮೆ ಬಿದ್ದರೆ ಪ್ರಾಣವೇ ಹೋಗುತ್ತಿತ್ತು.

ಹಾಗಾದರೆ ‘ಸುಖವೇ ಗುರಿ’ ಅಂತ ಅವನು ಹೇಳಲೇ ಇಲ್ಲವಾ? ಹೇಳಿದ, ಗಟ್ಟಿಯಾಗಿಯೇ ಹೇಳಿದ. ‘ಎಲ್ಲ ಒಳಿತಿನ ಮೊದಲೂ ಬೇರೂ ಹೊಟ್ಟೆಯ ಸುಖ’ ಅನ್ನುವ ಮಾತು ಕೂಡ ಅವನದೇ. ವಿರೋಧಿಗಳು ಈ ಒಂದು ಸಾಲನ್ನು ಹಿಡಿದು ನೂರಾರು ವರ್ಷ ಜಗ್ಗಿದರು. ಆದರೆ ಅದರ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ಮಾತಿದೆ. ವ್ಯಾಟಿಕನ್ನಿನ ಒಂದು ಹಸ್ತಪ್ರತಿಯಲ್ಲಿ 1888ರಲ್ಲಿ ಸಿಕ್ಕ ಅವನ ನುಡಿಗಳ ಗುಂಪಿನಲ್ಲಿ ಅದು ಬರುತ್ತದೆ. ‘ಜನ ಹೇಳುವ ಹಾಗೆ ತೃಪ್ತಿಯಿಲ್ಲದ್ದು ಹೊಟ್ಟೆಯಲ್ಲ. ಹೊಟ್ಟೆಗೆ ಎಷ್ಟು ತುಂಬಿದರೂ ಸಾಲದು ಅನ್ನುವ ತಪ್ಪು ತಿಳಿವಳಿಕೆಗೆ ತೃಪ್ತಿಯಿಲ್ಲ.’ ಈ ಎರಡು ಮಾತುಗಳನ್ನು ಜೊತೆಗಿಟ್ಟು ಓದಿದರೆ ಅವನ ಇಡೀ ವಿಚಾರ ಬಿಚ್ಚಿಕೊಳ್ಳುತ್ತದೆ.

ಅವನ ಲೆಕ್ಕ ಹೀಗಿದೆ. ಸುಖ ಅಂದರೆ ಮೊದಲು ನೋವು ಇಲ್ಲದಿರುವುದು. ದೇಹಕ್ಕೆ ಹಸಿವು, ಬಾಯಾರಿಕೆ, ಚಳಿ ಇರಬಾರದು. ಮನಸ್ಸಿಗೆ ಹೆದರಿಕೆ ಇರಬಾರದು. ಮದುವೆ ಮನೆಯಲ್ಲಿ ಮುಹೂರ್ತ ತಡವಾಗಿ, ಊಟ ಎರಡು ಗಂಟೆಗೆ ಹೋಗುತ್ತದಲ್ಲ, ಆ ಪಂಕ್ತಿಯನ್ನು ನೆನೆಸಿಕೊಳ್ಳಿ. ಹಸಿದು ಕೂತವನಿಗೆ ಮೊದಲು ಬೀಳುವ ಬಿಸಿ ಅನ್ನ, ಸಾರಿನ ತುತ್ತು ಕೊಡುವ ಸುಖ ಇದೆಯಲ್ಲ, ಅದಕ್ಕೆ ಸಮನಾದದ್ದು ಆಮೇಲೆ ಏನು ಬಂದರೂ ಇಲ್ಲ. ಹೋಳಿಗೆ ಬರುತ್ತದೆ, ಜಿಲೇಬಿ ಬರುತ್ತದೆ, ಪಾಯಸ ಎರಡು ಸಲ ಬರುತ್ತದೆ. ನಾಲಿಗೆಗೆ ಬೇರೆ ಬೇರೆ ರುಚಿ ಸಿಗುತ್ತದೆ, ಸರಿ. ಆದರೆ ಹಸಿವು ಹೋದ ಸುಖ ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಮನುಷ್ಯ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾನೆ. ಎಪಿಕ್ಯೂರಸ್ ಹೇಳಿದ್ದೂ ಇದನ್ನೇ. ಕೊರತೆಯ ನೋವು ನೀಗಿದ ಮೇಲೆ ದೇಹದ ಸುಖ ಬೆಳೆಯುವುದಿಲ್ಲ, ಬಗೆಬಗೆಯಾಗುತ್ತದೆ ಅಷ್ಟೆ.

ಅದಕ್ಕೇ ಅವನು ಆಸೆಗಳನ್ನು ಮೂರು ತರಹ ಮಾಡಿದ. ಹಸಿವಿಗೆ ಅನ್ನದ ಆಸೆ ಸಹಜ, ಅದು ಬೇಕೇಬೇಕು. ಅನ್ನದ ಬದಲು ಬಗೆಬಗೆಯ ಭಕ್ಷ್ಯದ ಆಸೆಯೂ ಸಹಜ, ಆದರೆ ಇಲ್ಲದಿದ್ದರೂ ನಡೆಯುತ್ತದೆ. ಊರಿಗೆಲ್ಲ ನನ್ನ ಹೆಸರು ಗೊತ್ತಾಗಬೇಕು, ನನಗೆ ಮೂರ್ತಿ ನಿಲ್ಲಿಸಬೇಕು ಅನ್ನುವುದು ಸಹಜವೂ ಅಲ್ಲ, ಬೇಕಾದದ್ದೂ ಅಲ್ಲ. ಮೊದಲನೆಯದಕ್ಕೆ ಮಿತಿ ಇದೆ, ಮೂರನೆಯದಕ್ಕೆ ಇಲ್ಲ. ದುಃಖವೆಲ್ಲ ಹುಟ್ಟುವುದು ಮಿತಿಯಿಲ್ಲದ ಕಡೆ. ಭಕ್ಷ್ಯ ತಿನ್ನಬೇಡಿ ಅಂತ ಅವನೆಲ್ಲೂ ಹೇಳಲಿಲ್ಲ. ಅದರ ಅಗತ್ಯ ಯಾರಿಗೆ ಎಲ್ಲರಿಗಿಂತ ಕಡಿಮೆಯೋ ಅವರೇ ಅದನ್ನು ಎಲ್ಲರಿಗಿಂತ ಚೆನ್ನಾಗಿ ಸವಿಯುತ್ತಾರೆ ಅಂದ. ಕೇಟರಿಂಗ್ ಮಾಡುವವರು ಈ ಮಾತಿಗೆ ಹೆದರಬೇಕಾಗಿಲ್ಲ. ನಿಮ್ಮ ಹಾಲುಬಾಯಿಯನ್ನು ನಿಜವಾಗಿ ಸವಿಯುವವನು ದಿನಾ ಗಂಜಿ–ಉಪ್ಪಿನಕಾಯಿ ಉಣ್ಣುವವನೇ.

ಮೆನೀಸಿಯಸ್ ಎಂಬವನಿಗೆ ಬರೆದ ಪತ್ರದಲ್ಲಂತೂ ಅವನು ತನ್ನ ಮೇಲಿನ ಆರೋಪಕ್ಕೆ ನೇರವಾಗಿ ಉತ್ತರ ಕೊಟ್ಟಿದ್ದಾನೆ. ಸುಖವೇ ಗುರಿ ಅಂದಾಗ ನಾವು ಲಂಪಟರ ಸುಖದ ಮಾತು ಆಡುತ್ತಿಲ್ಲ, ನಮ್ಮನ್ನು ಅರಿಯದವರು, ಒಪ್ಪದವರು, ಬೇಕಂತಲೇ ತಿರುಚುವವರು ಹಾಗೆ ಹೇಳುತ್ತಾರೆ ಅನ್ನುತ್ತಾನೆ. ಎಡೆಬಿಡದ ಕುಡಿತ, ದುಬಾರಿ ಮೀನಿನ ಊಟ ಇವು ಹಿತವಾದ ಬದುಕನ್ನು ಕೊಡುವುದಿಲ್ಲ, ತಿಳಿಯಾದ ಯೋಚನೆ ಕೊಡುತ್ತದೆ ಅನ್ನುತ್ತಾನೆ. ಅಂದರೆ ಅವನು ಬದುಕಿದ್ದಾಗಲೇ ಅವನ ಮಾತನ್ನು ತಿರುಚುವುದು ಶುರುವಾಗಿತ್ತು.

ಶುರು ಮಾಡಿದವರಲ್ಲಿ ಒಬ್ಬ ತೋಟದೊಳಗಿನವನೇ. ಟಿಮೊಕ್ರೇಟಿಸ್ ಅಂತ. ಅವನ ಸ್ವಂತ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಮೆಟ್ರೊಡೋರಸ್ ಎಪಿಕ್ಯೂರಸ್‌ನ ಆಪ್ತ ಗೆಳೆಯ. ಟಿಮೊಕ್ರೇಟಿಸ್ ತೋಟ ಬಿಟ್ಟು ಹೋಗಿ, ಎಪಿಕ್ಯೂರಸ್ ಅತಿಯಾಗಿ ತಿಂದು ದಿನಕ್ಕೆರಡು ಸಲ ವಾಂತಿ ಮಾಡುತ್ತಾನೆ ಎಂದು ಬರೆದು ಹಬ್ಬಿಸಿದ. ಒಳಗಿದ್ದವನೇ ಹೇಳಿದ ಅಂದಮೇಲೆ ಜನ ನಂಬದೆ ಇರುತ್ತಾರಾ? ಎಪಿಕ್ಯೂರಸ್‌ನ ಜೀವನಚರಿತ್ರೆ ಬರೆದ ಡಯೋಜಿನಿಸ್ ಲೇರ್ಶಿಯಸ್ ಈ ಆರೋಪಗಳನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡಿ, ಇವರಿಗೆಲ್ಲ ತಲೆ ಕೆಟ್ಟಿದೆ ಎಂದು ಒಂದೇ ಏಟಿಗೆ ಮುಗಿಸುತ್ತಾನೆ. ಆದರೆ ಪಟ್ಟಿಯೂ ಉಳಿಯಿತು ನೋಡಿ.

ರೋಮಿನಲ್ಲಿ ಕವಿ ಹೊರೇಸ್ ಗೆಳೆಯನಿಗೆ ಬರೆದ ಪತ್ರದಲ್ಲಿ ತನ್ನನ್ನು ‘ಎಪಿಕ್ಯೂರಸ್‌ನ ಮಂದೆಯ ಹಂದಿ’ ಎಂದು ತಮಾಷೆಗೆ ಕರೆದುಕೊಂಡ. ತಮಾಷೆ ಮರೆತುಹೋಯಿತು, ಹಂದಿ ಉಳಿಯಿತು. ರೋಮಿನ ದೊಡ್ಡ ವಾಗ್ಮಿ ಸಿಸೆರೊ ಪುಟಗಟ್ಟಲೆ ವಾದ ಮಾಡಿ ಖಂಡಿಸಿದ. ಇನ್ನು ಕೆಲವು ಶ್ರೀಮಂತರು ತಮ್ಮ ಭೋಗಕ್ಕೆ ಈ ತತ್ತ್ವದ ಹೆಸರನ್ನು ಹೊದಿಕೆ ಮಾಡಿಕೊಂಡರು ಅಂತ ಸೆನೆಕಾ ಬೇಸರದಿಂದ ಬರೆದಿದ್ದಾನೆ. ನನ್ನ ಪ್ರಕಾರ ವಿರೋಧಿಗಳಿಗಿಂತ ಹೆಚ್ಚು ಹಾನಿ ಮಾಡಿದವರು ಇವರೇ.

ಇಲ್ಲಿಂದ ಮುಂದೆ ಈ ಪದ ಎರಡು ದಾರಿ ಹಿಡಿಯಿತು. ನಿಮ್ಮ ಪ್ರಶ್ನೆಯ ಗಂಟು ಇರುವುದೂ ಇಲ್ಲೇ.

ಎಪಿಕ್ಯೂರಸ್ ಎರಡು ಮಾತು ಹೇಳಿದ್ದ. ಒಂದು, ಸುಖವೇ ಗುರಿ. ಇನ್ನೊಂದು, ಹೆದರಬೇಡಿ. ದೇವರುಗಳಿದ್ದಾರೆ, ಆದರೆ ಅವರು ನಮ್ಮ ತಂಟೆಗೆ ಬರುವುದಿಲ್ಲ. ಶಿಕ್ಷಿಸುವುದೂ ಇಲ್ಲ, ಹರಕೆಗೆ ಒಲಿಯುವುದೂ ಇಲ್ಲ. ಆತ್ಮವೂ ಕಣಗಳಿಂದಾದದ್ದು, ದೇಹದ ಜೊತೆ ಚದುರಿಹೋಗುತ್ತದೆ. ನಾವಿರುವಾಗ ಸಾವಿಲ್ಲ, ಸಾವು ಬಂದಾಗ ನಾವಿಲ್ಲ. ಹಾಗಾಗಿ ಸತ್ತ ಮೇಲೆ ಏನು ಅನ್ನುವ ಭಯ ಬೇಡ. ಮೊದಲ ಮಾತನ್ನು ಹಿಡಿದವರು ಅವನನ್ನು ಹೊಟ್ಟೆಬಾಕ ಅಂದರು. ಎರಡನೆಯದನ್ನು ಹಿಡಿದವರು ಧರ್ಮದ್ರೋಹಿ ಅಂದರು.

ಇಟಲಿಯ ಡಾಂಟೆ 14ನೆಯ ಶತಮಾನದ ಆರಂಭದಲ್ಲಿ ನರಕದ ವರ್ಣನೆ ಬರೆದ. ಅದರಲ್ಲಿ ಹೊಟ್ಟೆಬಾಕರಿಗೆ ಮೂರನೆಯ ಸುತ್ತು. ಎಪಿಕ್ಯೂರಸ್ ಅಲ್ಲಿಲ್ಲ. ಅವನೂ ಅವನ ಹಿಂಬಾಲಕರೂ ಇರುವುದು ಆರನೆಯ ಸುತ್ತಿನ ಉರಿಯುವ ಗೋರಿಗಳಲ್ಲಿ. ದೇಹದ ಜೊತೆ ಆತ್ಮವೂ ಸಾಯುತ್ತದೆ ಅಂದದ್ದು ಅವರ ಅಪರಾಧ. ಅಂದರೆ ಡಾಂಟೆಗೆ ಎಪಿಕ್ಯೂರಿಯನ್ ಅಂದರೆ ಊಟದ ಸಂಬಂಧವೇ ಇಲ್ಲದ ಪದ.

ಯಹೂದಿಗಳಲ್ಲೂ ಹೀಗೇ. ಕಾಲಾ ಘೋಡಾದಲ್ಲಿ ನೀಲಿ ಸಿನಗಾಗ್ ಎಂದೇ ಹೆಸರಾದ ಅವರ ಪ್ರಾರ್ಥನಾ ಮಂದಿರವನ್ನು ನೀವು ನೋಡಿರುತ್ತೀರಿ, 1884ರದು. ಕೊಂಕಣ ತೀರದಿಂದ ಬಂದು ಮರಾಠಿಯನ್ನೇ ಮನೆಮಾತು ಮಾಡಿಕೊಂಡ ಬೆನೆ ಇಸ್ರೇಲ್ ಯಹೂದಿಗಳು ಮುಂಬಯಿಯಲ್ಲಿ ಈಗಲೂ ಇದ್ದಾರೆ. ಅವರ ಧರ್ಮಗ್ರಂಥಗಳ ಹೀಬ್ರೂವಿನಲ್ಲಿ ‘ಅಪಿಕೋರೋಸ್’ ಎಂಬ ಪದ ಇದೆ. ಪರಲೋಕದಲ್ಲಿ ಯಾರಿಗೆ ಪಾಲಿಲ್ಲ ಅಂತ ಮಿಶ್ನಾ ಎಂಬ ಹಳೆಯ ಗ್ರಂಥ ಹೇಳುವ ಕಡೆ ಅಪಿಕೋರೋಸ್‌ನ ಹೆಸರೂ ಬರುತ್ತದೆ. ಅವನಿಗೆ ಏನು ಉತ್ತರ ಕೊಡಬೇಕು ಅಂತ ಕಲಿತಿರು ಎಂಬ ಮಾತೂ ಅದರಲ್ಲೇ ಇನ್ನೊಂದು ಕಡೆ ಇದೆ. ಇಲ್ಲಿ ಅದರ ಅರ್ಥ ನಂಬಿಕೆ ಬಿಟ್ಟವನು, ಶಾಸ್ತ್ರವನ್ನು ಪ್ರಶ್ನಿಸುವವನು. ಮೈಮೊನಿಡಿಸ್ ಎಂಬ ದೊಡ್ಡ ಪಂಡಿತ ಈ ಪದಕ್ಕೆ ಅರಾಮಿಕ್ ಭಾಷೆಯ ಮೂಲವನ್ನು ಹೇಳಿದ್ದ. ಗ್ರೀಕ್ ತತ್ತ್ವಜ್ಞಾನಿಯ ಹೆಸರೇ ಇದರ ಮೂಲ ಎಂದು ಇಂದಿನ ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತಾರೆ.

ಇಂಗ್ಲಿಷ್ ಇನ್ನೊಂದು ದಾರಿ ಹಿಡಿಯಿತು. 14ನೆಯ ಶತಮಾನದ ಕೊನೆಗೆ ಚಾಸರ್ ತನ್ನ ಕಾವ್ಯದಲ್ಲಿ ಒಬ್ಬ ಜಮೀನ್ದಾರನನ್ನು ‘ಎಪಿಕ್ಯೂರಸ್‌ನ ಸ್ವಂತ ಮಗ’ ಅಂದ. ಆ ಜಮೀನ್ದಾರನ ಮನೆಯಲ್ಲಿ ಊಟ, ಪಾನೀಯ ಹಿಮ ಸುರಿದ ಹಾಗೆ ಸುರಿಯುತ್ತಿತ್ತಂತೆ. ಆಮೇಲೆ ‘ಎಪಿಕ್ಯೂರ್’ ಎಂಬ ಚಿಕ್ಕ ಪದ ಬಂತು. ಮೊದಲು ಅದು ಬೈಗುಳವೇ. ಶೇಕ್ಸ್‌ಪಿಯರ್‌ನ ನಾಟಕದಲ್ಲಿ ಮ್ಯಾಕ್‌ಬೆತ್ ತನ್ನನ್ನು ಬಿಟ್ಟು ಓಡುವ ಸರದಾರರಿಗೆ, ಹೋಗಿ ಆ ಇಂಗ್ಲಿಷ್ ಎಪಿಕ್ಯೂರ್‌ಗಳ ಜೊತೆ ಸೇರಿಕೊಳ್ಳಿ ಎಂದು ಬಯ್ಯುತ್ತಾನೆ. ಅದೇ ಶೇಕ್ಸ್‌ಪಿಯರ್ ಜೂಲಿಯಸ್ ಸೀಸರ್ ನಾಟಕದಲ್ಲಿ ಕ್ಯಾಸಿಯಸ್‌ನ ಬಾಯಲ್ಲಿ ಬೇರೆ ಮಾತು ಆಡಿಸುತ್ತಾನೆ. ‘ನಾನು ಎಪಿಕ್ಯೂರಸ್‌ನನ್ನು ನಂಬಿದ್ದೆ, ಈಗ ಮನಸ್ಸು ಬದಲಾಗುತ್ತಿದೆ, ಶಕುನಗಳಲ್ಲಿ ಸ್ವಲ್ಪ ನಂಬಿಕೆ ಬರುತ್ತಿದೆ’ ಅಂತ. ಶಕುನ ನಂಬದವನು ಅನ್ನುವುದು ಅಲ್ಲಿನ ಅರ್ಥ. ಚರಿತ್ರೆಯ ಕ್ಯಾಸಿಯಸ್ ನಿಜಕ್ಕೂ ಈ ಪಂಥದವನೇ. ಒಬ್ಬನೇ ನಾಟಕಕಾರ ಎರಡೂ ಅರ್ಥಗಳನ್ನು ಎರಡು ನಾಟಕಗಳಲ್ಲಿ ಬಳಸಿದ್ದಾನೆ.

ಕಾಲ ಕಳೆದ ಹಾಗೆ ಇಂಗ್ಲಿಷಿನ ಬೈಗುಳ ಮೆತ್ತಗಾಯಿತು. ಹೊಟ್ಟೆಬಾಕ ಹೋಗಿ ರುಚಿ ಬಲ್ಲವನು ಬಂದ. ಜಾಸ್ತಿ ತಿನ್ನುವವನಲ್ಲ, ಆರಿಸಿ ತಿನ್ನುವವನು. ಇವತ್ತು ಬಾಂದ್ರಾ, ಲೋವರ್ ಪರೇಲ್ ಕಡೆಯ ಹೋಟೆಲುಗಳ ಜಾಹೀರಾತಿನಲ್ಲಿ ನಿಮ್ಮ ಅಕ್ಕನ ಮಗ ನೋಡುವುದು ಈ ಅರ್ಥವನ್ನೇ. ಇಂಗ್ಲಿಷ್ ಬರಹದಲ್ಲಿ ಇದಕ್ಕೊಂದು ಗುರುತೂ ಇದೆ. ತತ್ತ್ವದ ಹಿಂಬಾಲಕ ಅನ್ನುವಾಗ ಮೊದಲ ಅಕ್ಷರ ದೊಡ್ಡದು, ಊಟದ ರಸಿಕ ಅನ್ನುವಾಗ ಸಾಮಾನ್ಯವಾಗಿ ಸಣ್ಣದು. ನಿಮ್ಮ ಬ್ಯಾನರಿನಲ್ಲಿ ಹೆಸರು ಹೇಗೂ ದೊಡ್ಡಕ್ಷರದಲ್ಲೇ ಇರುತ್ತದೆ. ಪಕ್ಕದಲ್ಲಿ ದೇವನಾಗರಿಯಲ್ಲಿ ಬರೆಸಿದರೆ, ಕನ್ನಡದ ಹಾಗೆ ಅಲ್ಲೂ ದೊಡ್ಡಕ್ಷರ, ಸಣ್ಣಕ್ಷರ ಅಂತಿಲ್ಲ. ಹಾಗಾಗಿ ನಿಮ್ಮ ಬೋರ್ಡು ಎರಡೂ ಅರ್ಥಕ್ಕೆ ತೆರೆದಿರುತ್ತದೆ. ನನಗೆ ಇದು ಇಷ್ಟವೇ.

ತತ್ತ್ವದ ಕಡೆಯ ಕಥೆಯೂ ನಿಂತುಹೋಗಲಿಲ್ಲ ಎಂದು ಮಗಳಿಗೆ ಹೇಳಿ. ಲುಕ್ರೀಶಿಯಸ್ ಎಂಬ ರೋಮನ್ ಕವಿ ಈ ವಿಚಾರಗಳನ್ನೆಲ್ಲ ದೊಡ್ಡ ಕಾವ್ಯವಾಗಿ ಬರೆದಿದ್ದ. ಮರೆತುಹೋಗಿದ್ದ ಆ ಕಾವ್ಯದ ಹಸ್ತಪ್ರತಿ 1417ರಲ್ಲಿ ಪೊಜ್ಜೊ ಬ್ರಾಚೊಲೀನಿ ಎಂಬ ಇಟಲಿಯ ವಿದ್ವಾಂಸನಿಗೆ ಸಿಕ್ಕಿತು. 17ನೆಯ ಶತಮಾನದಲ್ಲಿ ಗಾಸೆಂಡಿ ಎಂಬ ಫ್ರೆಂಚ್ ಪಾದ್ರಿಯೇ ಎಪಿಕ್ಯೂರಸ್‌ನ ಪರವಾಗಿ ಬರೆದ. ಅಮೆರಿಕದ ಅಧ್ಯಕ್ಷರಾಗಿದ್ದ ಜೆಫರ್ಸನ್ 1819ರ ಪತ್ರವೊಂದರಲ್ಲಿ ‘ನಾನೂ ಎಪಿಕ್ಯೂರಿಯನ್’ ಅಂದರು. ಕಾರ್ಲ್ ಮಾರ್ಕ್ಸ್ 1841ರಲ್ಲಿ ಡಾಕ್ಟರೇಟ್ ಪಡೆದದ್ದು ಡೆಮೊಕ್ರಿಟಸ್ ಎಂಬ ಇನ್ನೊಬ್ಬ ಗ್ರೀಕ್ ತತ್ತ್ವಜ್ಞಾನಿ ಮತ್ತು ಎಪಿಕ್ಯೂರಸ್ ಇಬ್ಬರ ಪ್ರಕೃತಿ ವಿಚಾರದ ವ್ಯತ್ಯಾಸ ಬರೆದು.

ಈಗ ನಿಮ್ಮ ತಂದೆಯವರ ಚಾರ್ವಾಕ. ಕನ್ನಡದಲ್ಲಿ ಈ ಹೋಲಿಕೆ ಸಹಜವಾಗಿಯೇ ಬಾಯಿಗೆ ಬರುತ್ತದೆ. ಆದರೆ ಚಾರ್ವಾಕರ ಮೇಲೂ ಅನ್ಯಾಯ ಆಗಿದೆ. ‘ಋಣಂ ಕೃತ್ವಾ ಘೃತಂ ಪಿಬೇತ್’, ಸಾಲ ಮಾಡಿಯಾದರೂ ತುಪ್ಪ ತಿನ್ನು. ಈ ಸಾಲು ನಮಗೆ ಮುಖ್ಯವಾಗಿ ತಿಳಿದಿರುವುದು 14ನೆಯ ಶತಮಾನದ, ವಿಜಯನಗರ ಕಾಲದ ಸರ್ವದರ್ಶನಸಂಗ್ರಹ ಎಂಬ ಗ್ರಂಥದಿಂದ. ಅದನ್ನು ಬರೆದವರು ವೇದಾಂತದ ಕಡೆಯವರು. ಚಾರ್ವಾಕರು ತಾವೇ ಬರೆದ ಗ್ರಂಥಗಳು ಉಳಿದಿಲ್ಲ, ಎದುರಾಳಿಗಳು ಎತ್ತಿ ಹೇಳಿದ ತುಣುಕುಗಳಷ್ಟೇ ಉಳಿದಿವೆ. ವಿಶೇಷ ಏನೆಂದರೆ, ಸರ್ವದರ್ಶನಸಂಗ್ರಹದ ಚಾರ್ವಾಕ ಅಧ್ಯಾಯದಲ್ಲೇ ಈ ಶ್ಲೋಕ ಎರಡು ರೂಪದಲ್ಲಿ ಬರುತ್ತದೆ. ಆರಂಭದಲ್ಲಿ ‘ಬದುಕಿರುವ ತನಕ ಸುಖವಾಗಿ ಬದುಕು, ಸಾವಿಗೆ ಸಿಗದಿರುವವರು ಯಾರೂ ಇಲ್ಲ’ ಅಂತಿದೆ. ಕೊನೆಗೆ ಬರುವಾಗ ಸಾವಿನ ಜಾಗದಲ್ಲಿ ಸಾಲ, ತುಪ್ಪ ಬಂದು ಕೂತಿವೆ. ಮೊದಲನೆಯದೇ ಹಳೆಯ ರೂಪ, ತುಪ್ಪದ್ದು ಅಣಕಿಸಲು ತಿದ್ದಿದ್ದು ಎಂದು ಚಾರ್ವಾಕರ ಬಗ್ಗೆ ಆಳವಾಗಿ ಕೆಲಸ ಮಾಡಿದ ರಾಮಕೃಷ್ಣ ಭಟ್ಟಾಚಾರ್ಯರು ವಾದಿಸಿದ್ದಾರೆ. ನನಗೂ ಅದು ಸರಿ ಅನ್ನಿಸುತ್ತದೆ. ಸಾವು ಎಲ್ಲರಿಗೂ ಬರುತ್ತದೆ, ಸುಖವಾಗಿ ಬದುಕು ಅನ್ನುವುದು ಗಂಭೀರವಾದ ಮಾತು. ಸಾಲ ಮಾಡಿ ತುಪ್ಪ ತಿನ್ನು ಅನ್ನುವುದನ್ನು ಯಾವ ಪಂಥವೂ ತನ್ನ ತತ್ತ್ವ ಅಂತ ಹೇಳಿಕೊಳ್ಳಲಾರದು.

ಸತ್ತ ಮೇಲೆ ಆತ್ಮ ಉಳಿಯುವುದಿಲ್ಲ ಅನ್ನುವುದರಲ್ಲಿ ಎಪಿಕ್ಯೂರಸ್ ಮತ್ತು ಚಾರ್ವಾಕರು ಒಂದೇ. ನಿಮ್ಮ ತಂದೆಯವರ ಮಾತಿನಲ್ಲಿ ನಿಜ ಅಂದೆನಲ್ಲ, ಆ ಅರ್ಧ ಇದು. ಇಬ್ಬರ ಮೇಲೂ ಎದುರಾಳಿಗಳು ಹೊಟ್ಟೆಬಾಕತನವನ್ನೇ ಹೊರಿಸಿದರು. ವ್ಯತ್ಯಾಸಗಳೂ ಇವೆ. ಚಾರ್ವಾಕರಿಗೆ ದೇವರು ಇಲ್ಲವೇ ಇಲ್ಲ, ಎಪಿಕ್ಯೂರಸ್‌ಗೆ ದೇವರಿದ್ದಾರೆ, ತಲೆ ಹಾಕುವುದಿಲ್ಲ ಅಷ್ಟೆ. ಚಾರ್ವಾಕರಿಗೆ ಎಲ್ಲ ಆದದ್ದು ನಾಲ್ಕು ಭೂತಗಳಿಂದ, ಎಪಿಕ್ಯೂರಸ್‌ಗೆ ಪರಮಾಣು ಮತ್ತು ಖಾಲಿ ಜಾಗದಿಂದ. ಯಾವ ಆಸೆಗೆ ಎಷ್ಟು ಮಿತಿ ಅನ್ನುವ ಅವನ ಆ ಸೂಕ್ಷ್ಮ ಲೆಕ್ಕ ಚಾರ್ವಾಕರ ಹೆಸರಲ್ಲಿ ಉಳಿದಿರುವ ತುಣುಕುಗಳಲ್ಲಿ ನನಗೆ ಕಾಣುವುದಿಲ್ಲ.

ನಿಘಂಟಿನ ‘ಭೋಗವಾದಿ’ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಭೋಗ ಅಂದ ಕೂಡಲೇ ಅತಿ ಅನ್ನುವ ಭಾವ ಬಂದುಬಿಡುತ್ತದೆ. ಆ ತತ್ತ್ವಜ್ಞಾನಿಯನ್ನು ಹಾಗೆ ಕರೆಯಬಾರದು. ಸುಖವಾದಿ ಅಂದರೆ ಸರಿ. ಊಟದ ಅರ್ಥದಲ್ಲಾದರೆ ‘ರುಚಿ ಬಲ್ಲವನು’ ಸಾಕು. ಪರೀಕ್ಷೆಯಲ್ಲಿ ಮಗಳು ಸುಖವಾದಿ ಅಂತಲೇ ಬರೆಯಲಿ.

ಬ್ಯಾನರಿಗೆ ಬರುತ್ತೇನೆ. ಮಗಳು ಮತ್ತು ಅಕ್ಕನ ಮಗ ಇಬ್ಬರಿಗೂ ಸಮಾಧಾನ ಆಗಬೇಕಾದರೆ ಹೆಸರಿನ ಕೆಳಗೆ ಎಪಿಕ್ಯೂರಸ್‌ನದೇ ಒಂದು ಮಾತು ಹಾಕಿಸಿ. ಇದೂ ಸೆನೆಕಾ ಉಳಿಸಿಕೊಟ್ಟದ್ದು. ‘ಏನು ಉಣ್ಣುತ್ತೀಯ ಅನ್ನುವುದಕ್ಕಿಂತ ಮೊದಲು ಯಾರ ಜೊತೆ ಉಣ್ಣುತ್ತೀಯ ನೋಡು.’ ಗೆಳೆಯರಿಲ್ಲದೆ ಉಣ್ಣುವುದು ಸಿಂಹ, ತೋಳಗಳ ಬದುಕು ಅಂತ ಅದರ ಮುಂದಿನ ಸಾಲು. ಕಂಪನಿ ಪಾರ್ಟಿಗೂ ಹೊಂದುತ್ತದೆ, ಮುಂಜಿಗೂ ಹೊಂದುತ್ತದೆ. ಅವನು ಇದನ್ನು ಬಾಯಿಮಾತಿಗೆ ಹೇಳಿದವನಲ್ಲ. ಪ್ರತಿ ತಿಂಗಳ 20ನೆಯ ದಿನ ಗೆಳೆಯರೆಲ್ಲ ತೋಟದಲ್ಲಿ ಸೇರುವ ರೂಢಿಯಿತ್ತು. ತಾನು ಸತ್ತ ಮೇಲೂ ತನ್ನ ಮತ್ತು ಮೆಟ್ರೊಡೋರಸ್‌ನ ನೆನಪಿಗೆ ಅದು ನಡೆಯಲಿ ಅಂತ ಉಯಿಲಿನಲ್ಲಿ ಬರೆದು, ಖರ್ಚಿಗೂ ವ್ಯವಸ್ಥೆ ಮಾಡಿ ಹೋದ. ಮೂತ್ರಕೋಶದ ಕಲ್ಲಿನಿಂದ ಹದಿನಾಲ್ಕು ದಿನ ನರಳಿ ಕ್ರಿ.ಪೂ. 270ರಲ್ಲಿ ತೀರಿಕೊಂಡ. ಕೊನೆಯ ದಿನ ಗೆಳೆಯನಿಗೆ ಬರೆದ ಪತ್ರದಲ್ಲಿ, ನೋವು ಇದಕ್ಕಿಂತ ಜಾಸ್ತಿ ಆಗಲಾರದು, ಆದರೆ ನಮ್ಮ ಹಿಂದಿನ ಮಾತುಕತೆಗಳ ನೆನಪಿನ ಖುಷಿ ಅದಕ್ಕೆಲ್ಲ ಎದುರು ನಿಂತಿದೆ ಎಂದ. ಮೆಟ್ರೊಡೋರಸ್‌ನ ಮಕ್ಕಳನ್ನು ನೋಡಿಕೋ ಎಂದೂ ಕೇಳಿಕೊಂಡ.

ಮಗಳು ಪಠ್ಯಪುಸ್ತಕದ ಸಾರಾಂಶದಲ್ಲೇ ನಿಲ್ಲದೆ ಮೆನೀಸಿಯಸ್‌ಗೆ ಬರೆದ ಪತ್ರವನ್ನೇ ಓದಲಿ. ಕೆಲವೇ ಪುಟ. ಡಯೋಜಿನಿಸ್ ಲೇರ್ಶಿಯಸ್‌ನ ಪುಸ್ತಕದ ಹತ್ತನೆಯ ಭಾಗದಲ್ಲಿದೆ. 1925ರಲ್ಲಿ ಬಂದ ಹಿಕ್ಸ್ ಅವರ ಇಂಗ್ಲಿಷ್ ಅನುವಾದ ಇಂಟರ್ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ. ಅಕ್ಕನ ಮಗನಿಗೂ ಓದಿಸಿ, ಬ್ಯಾನರ್ ಪ್ರಿಂಟಿಗೆ ಹೋಗುವ ಮೊದಲೇ.